ಕಡಲಿಲ್ಲದ ಊರಿನ ಡೈವ್ ಶಾಪ್: ಎಷ್ಟಕ್ಕೆ ತಂದು ಎಷ್ಟಕ್ಕೆ ಮಾರುತ್ತಾರೆ?

ಶನಿವಾರ ಸಂಜೆ. ಹೈದರಾಬಾದಿನ ಹೈಟೆಕ್ ಸಿಟಿ ಕಡೆಯ ಒಳರಸ್ತೆ. ಕೆಳಗೆ ಬಿರಿಯಾನಿ ಪಾರ್ಸೆಲ್‌ಗೆ ಸಾಲು ನಿಂತ ಜನ, ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಡೈವ್ ಶಾಪ್. ಗೋಡೆಯ ಉದ್ದಕ್ಕೂ ತೂಗುಬಿಟ್ಟ ಕಪ್ಪು ವೆಟ್‌ಸೂಟುಗಳು, ಮೂಲೆಯಲ್ಲಿ ಖಾಲಿ ಸಿಲಿಂಡರುಗಳು, ಗಾಜಿನ ಕಪಾಟಿನಲ್ಲಿ ಮಾಸ್ಕು, ಕಾಲಿಗೆ ಹಾಕುವ ಫಿನ್ನು, ಆಳ, ಹೊತ್ತಿನ ಲೆಕ್ಕವಿಡುವ ಕೈಗಡಿಯಾರದಂಥ ಡೈವ್ ಕಂಪ್ಯೂಟರು. ಕೋಣೆಯ ತುಂಬ ಹೊಸ ರಬ್ಬರಿನ ವಾಸನೆ. ಇಂಥ ಅಂಗಡಿಗಳಲ್ಲಿ ವಾರಾಂತ್ಯದ ವ್ಯಾಪಾರ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ.

ಕಲಬುರಗಿಯಿಂದ ಬಂದು ಇಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ಇಬ್ಬರು ಗೆಳೆಯರು ಅಂದುಕೊಳ್ಳಿ. ಅಂಗಡಿಯವನು ಮಾಸ್ಕೊಂದನ್ನು ಕೈಗೆ ಕೊಟ್ಟು, ಪಟ್ಟಿ ತಲೆಗೆ ಏರಿಸದೆ ಬರೀ ಮುಖಕ್ಕೆ ಒತ್ತಿಕೊಂಡು ಮೂಗಿನಿಂದ ಉಸಿರು ಒಳಗೆಳೆಯಲು ಹೇಳುತ್ತಾನೆ. ಕೈಬಿಟ್ಟಾಗ ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ನಿಂತರೆ ಅಳತೆ ಸರಿ; ಜಾರಿದರೆ ಎಲ್ಲೋ ಸಂದಿಯಿದೆ, ಅಲ್ಲಿಂದಲೇ ನೀರು ನುಗ್ಗುತ್ತದೆ. ಮೀಸೆಯಿದ್ದವರಿಗೆ ಒಂದು ಬಗೆ, ಕೆನ್ನೆಮೂಳೆ ಎದ್ದವರಿಗೆ ಇನ್ನೊಂದು. ಮೂರು ಮಾಸ್ಕ್ ಜಾರಿ ನಾಲ್ಕನೆಯದು ನಿಲ್ಲುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಆಗ ಜೊತೆಗಿದ್ದವನು ಮೊಬೈಲ್ ತೆಗೆದು ಪಿಸುಗುಡುತ್ತಾನೆ: “ತಡಿಯೋ, ಇದು ಆನ್‌ಲೈನ್‌ದಾಗ ಎಂಟ್ನೂರು ರೂಪಾಯಿ ಕಡಿಮಿ ಅದ.”

ಅಂಗಡಿಯವನಿಗೆ ಕನ್ನಡ ಬರಬೇಕಿಲ್ಲ. ಮೊಬೈಲ್ ಹಿಡಿದ ಭಂಗಿಯೇ ಅವನಿಗೆ ಸಾಕು.

ಆ ಎಂಟುನೂರು ರೂಪಾಯಿ ಸುಲಿಗೆಯೋ ನ್ಯಾಯವಾದ ಲಾಭವೋ? ಜಗತ್ತಿನ ಯಾವ ಮೂಲೆಯ ಡೈವ್ ಶಾಪಿಗೆ ಹೋದರೂ ಈ ತಕರಾರು ತಪ್ಪಿದ್ದಲ್ಲ. ಹೈದರಾಬಾದಿನಂಥ ಒಳನಾಡಿನ ಊರಿನಲ್ಲಿ ಅದು ಇನ್ನೂ ತುಸು ಬಿಗಿ.

ಮುನ್ನೂರು ಕಿಲೋಮೀಟರ್ ಆಚೆಯ ಸಮುದ್ರ

ಹೈದರಾಬಾದಿನಿಂದ ಹತ್ತಿರದ ಕಡಲತೀರಕ್ಕೂ ರಸ್ತೆಯಲ್ಲಿ 300 ಕಿ.ಮೀ.ಗಿಂತ ಹೆಚ್ಚು. ಊರೊಳಗೆ ಹುಸೇನ್ ಸಾಗರ ಕೆರೆಯೇನೋ ಇದೆ. 1990ರಲ್ಲಿ ಸಾಗಿಸುವಾಗ ತೆಪ್ಪ ವಾಲಿ ಅದರ ತಳ ಸೇರಿದ ಬುದ್ಧನ ಏಕಶಿಲಾ ಮೂರ್ತಿ ಮೇಲೆದ್ದು ನಿಂತದ್ದು 1992ರಲ್ಲಿ. ಮೋಜಿಗಾಗಿ ಆ ನೀರಿಗೆ ಇಳಿಯುವವರು ಯಾರೂ ಇಲ್ಲ.

ಹಾಗೆಂದು ಮುಳುಗುಗಾರರ ದುಡಿಮೆಯ ಮೇಲೆ ವ್ಯಾಪಾರ ಕಟ್ಟುವುದು ಈ ಊರಿಗೆ ಹೊಸದಲ್ಲ. ಚಾರ್‌ಮಿನಾರ್ ಪಕ್ಕದ ಪತ್ಥರ್‌ಗಟ್ಟಿಯ ಮುತ್ತಿನ ಅಂಗಡಿಗಳಿಗೆ ಒಂದು ಕಾಲಕ್ಕೆ ಸರಕು ಬರುತ್ತಿದ್ದದ್ದು ಪರ್ಷಿಯಾ ಕೊಲ್ಲಿಯಿಂದ. ಬಸ್ರಾ ಪೇಟೆ ಹಾದು ಬರುತ್ತಿದ್ದುದರಿಂದ ಅವು ಬಸ್ರಾ ಮುತ್ತುಗಳಾದವು. ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ತರುತ್ತಿದ್ದ ಆಳು ದೋಣಿಯ ಯಜಮಾನನಿಂದ ಮುಂಗಡ ಪಡೆದು, ಆ ಸಾಲದಲ್ಲೇ ವರ್ಷಗಟ್ಟಲೆ ಉಳಿಯುತ್ತಿದ್ದ. ಮುತ್ತು ಮಾತ್ರ ಕೈಯಿಂದ ಕೈಗೆ ದಾಟಿದಂತೆಲ್ಲ ಬೆಲೆ ಏರಿಸಿಕೊಳ್ಳುತ್ತಿತ್ತು. ಜಪಾನಿನ ಕೃಷಿ ಮುತ್ತುಗಳು ಬಂದು, 1930ರ ದಶಕದ ಆರ್ಥಿಕ ಕುಸಿತವೂ ಸೇರಿ ಕೊಲ್ಲಿಯ ಆ ಕಸುಬು ನೆಲಕಚ್ಚಿತು. ಸಮುದ್ರದ ತಳಕ್ಕೂ ಅಂಗಡಿಯ ಗಲ್ಲಾಕ್ಕೂ ನಡುವೆ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಈ ಊರಿನ ಮಟ್ಟಿಗೆ ಹಳೆಯದೇ.

ಇಂದಿನ ಡೈವ್ ಶಾಪಿನ ವ್ಯಾಪಾರ ಬೇರೆ ಬಗೆಯದು; ಅದು ಶುರುವಾಗುವುದು ತರಬೇತಿಯಿಂದ. 1966ರಲ್ಲಿ ಅಮೆರಿಕದಲ್ಲಿ ಶುರುವಾದ ‘ಪ್ಯಾಡಿ’ಯಂಥ ಡೈವಿಂಗ್ ತರಬೇತಿ ಸಂಸ್ಥೆಗಳು ರೂಪಿಸಿದ ಮೊದಲ ಹಂತದ ಕೋರ್ಸಿನ ಹೆಸರು ಓಪನ್ ವಾಟರ್ ಡೈವರ್. ಅದಕ್ಕೆ ಮೂರು ಭಾಗ: ಪಾಠ, ಈಜುಕೊಳದ ಅಭ್ಯಾಸ, ಕೊನೆಗೆ ನಿಜವಾದ ಸಮುದ್ರದಲ್ಲಿ ನಾಲ್ಕು ಮುಳುಗು. ಮೊದಲ ಎರಡನ್ನು ಹೈದರಾಬಾದಿನಲ್ಲೇ ಮುಗಿಸಬಹುದು. ಮೂರನೆಯದಕ್ಕೆ ನಮ್ಮ ನೇತ್ರಾಣಿ ದ್ವೀಪಕ್ಕೋ ಪುದುಚೇರಿಗೋ ವಿಶಾಖಪಟ್ಟಣಕ್ಕೋ ಅಂಡಮಾನಿಗೋ ಹೋಗಬೇಕು. ಮೊದಲ ಎರಡು ಮುಗಿದಿವೆ ಎಂದು ಅಲ್ಲಿನ ಡೈವ್ ಸೆಂಟರ್‌ಗೆ ಇಲ್ಲಿಂದಲೇ ಚೀಟಿ ಬರೆದುಕೊಡುವ ಪದ್ಧತಿಯೂ ಇದೆ.

ಕಡಲತೀರದ ಅಂಗಡಿ ದಿನಾ ಬೆಳಿಗ್ಗೆ ದೋಣಿ ಬಿಡುತ್ತದೆ, ಜನರನ್ನು ಮುಳುಗಿಸಿ ಕಾಸು ಎಣಿಸುತ್ತದೆ. ಅಲ್ಲಿ ಸಾಮಾನು ಮಾರಾಟ ಮೇಲ್ಸಂಪಾದನೆ. ಒಳನಾಡಿನ ಅಂಗಡಿಗೆ ದೋಣಿಯೇ ಇಲ್ಲ. ವರ್ಷಕ್ಕೆ ಕೆಲವು ಬ್ಯಾಚು ಕೋರ್ಸು, ಎರಡು ಮೂರು ಗುಂಪು ಪ್ರವಾಸ, ಉಳಿದಂತೆ ಕಪಾಟಿನಲ್ಲಿರುವ ಸಾಮಾನು. ಹಾಗಾಗಿ ಆ ಸಾಮಾನಿನ ಮೇಲೆ ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು ಎಲ್ಲವೂ ಬಂದು ಕೂರುತ್ತವೆ.

ಒಂದಕ್ಕೆ ಎರಡು

ಚಿಲ್ಲರೆ ವ್ಯಾಪಾರದಲ್ಲಿ ಹಳೆಯ ಸೂತ್ರವೊಂದಿದೆ: ಅಸಲಿನ ದುಪ್ಪಟ್ಟು ಬೆಲೆ ಹಚ್ಚು. ಎರಡು ಸಾವಿರಕ್ಕೆ ತಂದ ಮಾಸ್ಕಿಗೆ ನಾಲ್ಕು ಸಾವಿರ. ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ನೂರಕ್ಕೆ ನೂರು ಏರಿಕೆ. ಮಾರಿದ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಶೇ 50ರ ಪಾಲು. ಗಿರಾಕಿ ಮೊದಲನೆಯದನ್ನು ಹೇಳಿ ಸಿಟ್ಟಾಗುತ್ತಾನೆ, ಅಂಗಡಿಯವನು ಎರಡನೆಯದನ್ನು ಹೇಳಿ ಸಮಾಧಾನ ಮಾಡುತ್ತಾನೆ. ಇಬ್ಬರ ಲೆಕ್ಕವೂ ಸರಿಯೇ, ಮಾತು ಮಾತ್ರ ಮುಂದೆ ಸಾಗುವುದಿಲ್ಲ.

ಪಾಶ್ಚಾತ್ಯ ದೇಶಗಳ ಡೈವ್ ಶಾಪುಗಳು ದಶಕಗಳ ಕಾಲ ಬದುಕಿದ್ದು ಹೆಚ್ಚುಕಡಿಮೆ ಇದೇ ಸೂತ್ರದ ಮೇಲೆ. ನಮ್ಮಲ್ಲಿ ಅದು ಪೂರ್ತಿ ಗಿಟ್ಟುವುದಿಲ್ಲ. ಒಳ್ಳೆಯ ಡೈವಿಂಗ್ ಸಾಮಾನಿನ ಬಹುಪಾಲು ಇಟಲಿ, ಅಮೆರಿಕ, ಜಪಾನ್, ತೈವಾನ್ ಮುಂತಾದ ಕಡೆಗಳಿಂದ ಬರುವಂಥದು. ಕಾರ್ಖಾನೆಯಿಂದ ಬ್ರ್ಯಾಂಡಿಗೆ, ಬ್ರ್ಯಾಂಡಿನಿಂದ ಭಾರತದ ಆಮದುದಾರನಿಗೆ, ಅಲ್ಲಿಂದ ಅಂಗಡಿಗೆ. ದಾರಿಯಲ್ಲಿ ಸಾಗಣೆ, ಆಮದು ಸುಂಕ, ಐಜಿಎಸ್‌ಟಿ. ರೂಪಾಯಿ ಬಿದ್ದ ತಿಂಗಳು ಅದರ ಪೆಟ್ಟು ಬೇರೆ. ಅಂಗಡಿಯವನ ಕೈಗೆ ಬರುವ ಹೊತ್ತಿಗೇ ಅಸಲು ಬೆಳೆದುನಿಂತಿರುತ್ತದೆ. ಅದರ ಮೇಲೆ ದುಪ್ಪಟ್ಟು ಹಚ್ಚಿದರೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು ಕಷ್ಟ, ದಾಸ್ತಾನಿನದು. ಒಂದೇ ಮಾದರಿಯ ವೆಟ್‌ಸೂಟ್ ಇಟ್ಟರೂ ಗಂಡಸರಿಗೆ ಆರು ಅಳತೆ, ಹೆಂಗಸರಿಗೆ ಆರು ಅಳತೆ. ಹನ್ನೆರಡು ಸೂಟು ತಂದರೆ ಎಂ, ಎಲ್ ಬೇಗ ಖಾಲಿ. ಉಳಿದ ಎಕ್ಸ್‌ಎಸ್‌ಗೆ ಗಿರಾಕಿಯೇ ಇಲ್ಲ. ಹಾಕಿದ ಬಂಡವಾಳ ವರ್ಷಗಟ್ಟಲೆ ತೂಗುಬಿದ್ದಿರುತ್ತದೆ. ಸೂಟಿನ ನಿಯೋಪ್ರಿನ್ ಕಾಲ ಕಳೆದಂತೆ ಗಟ್ಟಿಯಾಗುತ್ತದೆ; ಡೈವ್ ಕಂಪ್ಯೂಟರಿನದು ಹೊಸ ಮಾದರಿ ಬಂತೆಂದರೆ ಹಳೆಯದಕ್ಕೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಕಿರಾಣಿ ಅಂಗಡಿಯವನು ಅಕ್ಕಿಯ ಮೇಲೆ ಸಣ್ಣ ಲಾಭಕ್ಕೆ ಒಪ್ಪುವುದು ಆ ಮೂಟೆ ವಾರದಲ್ಲಿ ಖಾಲಿಯಾಗುತ್ತದೆಂಬ ಭರವಸೆಯಿಂದ. ನಿಧಾನ ಮಾರಾಟವಾಗುವ ಸರಕಿಗೆ ಲಾಭದ ಪಾಲು ದೊಡ್ಡದಿರಲೇಬೇಕು. ಈ ಒಂದು ವಿಷಯದಲ್ಲಿ ನಾನು ಅಂಗಡಿಯವರ ಪರ.

ಚೀಟಿಯ ಮೇಲಿನ ಬೆಲೆ

ನಮ್ಮ ದೇಶದಲ್ಲಿ ಈ ಚೌಕಾಶಿಗೆ ಮೂರನೆಯ ಪಾತ್ರವೊಂದಿದೆ: ಎಂಆರ್‌ಪಿ. 1990ರಿಂದ ಜಾರಿಗೆ ಬಂದ ಈ ಪದ್ಧತಿ ಈಗ 2011ರ ಪ್ಯಾಕೇಜ್ ಸರಕುಗಳ ನಿಯಮಗಳ ಅಡಿಯಲ್ಲಿದೆ. ಹೊರದೇಶದಿಂದ ಬಂದ ಪೊಟ್ಟಣದ ಮೇಲೂ ಆಮದುದಾರನ ಹೆಸರು, ವಿಳಾಸ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಇರಬೇಕು. ಅದಕ್ಕಿಂತ ಹೆಚ್ಚಿಗೆ ಮಾರಿದರೆ ಅಪರಾಧ. ಕಡಿಮೆಗೆ ಮಾರಲು ಅಡ್ಡಿಯಿಲ್ಲ.

ಮೇಲ್ನೋಟಕ್ಕೆ ಗಿರಾಕಿಯ ರಕ್ಷಣೆಯಂತೆ ಕಾಣುತ್ತದೆ. ಹಾಲು, ಬಿಸ್ಕತ್ತಿನ ಮಟ್ಟಿಗೆ ನಿಜವೂ ಹೌದು. ಆದರೆ ಆ ಅಂಕಿಯನ್ನು ನಿಗದಿ ಮಾಡುವುದು ಸರ್ಕಾರವಲ್ಲ, ಸರಕು ತಯಾರಿಸಿದವನು ಇಲ್ಲವೇ ತರಿಸಿದವನು. ವರ್ಷಕ್ಕೆ ಕೆಲವೇ ನೂರು ಮಾಸ್ಕ್ ತರಿಸುವ ಆಮದುದಾರ ಮುಂದಿನ ಡಾಲರ್ ಏರಿಳಿತವನ್ನೂ ಅಂಗಡಿಯವರು ಕೊಡಬೇಕಾಗುವ ರಿಯಾಯಿತಿಯನ್ನೂ ಮೊದಲೇ ಊಹಿಸಿ ಚೀಟಿಯಲ್ಲಿ ದೊಡ್ಡ ಅಂಕಿಯನ್ನೇ ಹಾಕಬಲ್ಲ. ‘ಎಂಆರ್‌ಪಿ ಮೇಲೆ ಶೇ 25 ಕಡಿತ’ ಎಂಬ ಬೋರ್ಡು ಕಂಡಾಗ ಹಿಗ್ಗುವ ಮುನ್ನ ಇದನ್ನು ನೆನೆದರೆ ಒಳ್ಳೆಯದು. ಕಡಿತದ ಪ್ರಮಾಣ ನೋಡಿ ಪ್ರಯೋಜನವಿಲ್ಲ, ಅದೇ ಮಾದರಿ ಇನ್ನೆರಡು ಕಡೆ ಕೊನೆಗೆ ಎಷ್ಟಕ್ಕೆ ಬೀಳುತ್ತದೆ ಎಂಬುದನ್ನು ನೋಡಬೇಕು.

ತದ್ವಿರುದ್ಧದ ಒತ್ತಡವೂ ಉಂಟು. ಕೆಲವು ಬ್ರ್ಯಾಂಡುಗಳು ತಮ್ಮ ಡೀಲರುಗಳು ಇಂತಿಷ್ಟಕ್ಕಿಂತ ಕಡಿಮೆಗೆ ಮಾರಕೂಡದು ಎಂದು ಬಯಸುತ್ತವೆ. ಸಣ್ಣ ಅಂಗಡಿ ಉಳಿಯಲಿ, ಸಾಮಾನು ತೋರಿಸಿ ತಿಳಿಹೇಳುವವರು ಇರಲಿ ಎಂಬುದು ಅವರ ವಾದ. ಅಮೆರಿಕದಲ್ಲಿ ಇಂಥ ಕರಾರುಗಳಿಗೆ 1911ರಿಂದ ಇದ್ದ ಸಾರಾಸಗಟು ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲಿ ತೆಗೆದು, ಪ್ರಕರಣ ನೋಡಿ ತೀರ್ಮಾನಿಸಬೇಕೆಂದಿತು. ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆ ಇದನ್ನು ಅನುಮಾನದಿಂದಲೇ ನೋಡುತ್ತದೆ. ಡೀಲರುಗಳು ಕೊಡುವ ರಿಯಾಯಿತಿಗೆ ಕಡಿವಾಣ ಹಾಕಿತ್ತೆಂದು ಭಾರತೀಯ ಸ್ಪರ್ಧಾ ಆಯೋಗ 2021ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿದ್ದು ಇದೇ ತತ್ವದ ಮೇಲೆ. ಕಂಪನಿ ಅದರ ವಿರುದ್ಧ ಮೇಲ್ಮನವಿಗೆ ಹೋಯಿತು. ಕಾರಿನ ಲೋಕದಲ್ಲಿ ಇಷ್ಟು ಸದ್ದಾದದ್ದು ಡೈವಿಂಗ್ ಮಾಸ್ಕಿನ ಪುಟ್ಟ ಪೇಟೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಲೆಚೀಟಿ ಇಲ್ಲದ ಸರಕು

ಇನ್ನು ಚೀಟಿಯೇ ಇಲ್ಲದ ಸರಕಿನ ವಿಷಯ: ಗಾಳಿ.

ಬೆನ್ನಿಗೆ ಕಟ್ಟಿಕೊಳ್ಳುವುದನ್ನು ಆಕ್ಸಿಜನ್ ಸಿಲಿಂಡರ್ ಎಂದೇ ಬಹಳ ಮಂದಿ ತಿಳಿದಿರುತ್ತಾರೆ. ಒಳಗಿರುವುದು ನಾವು ಈಗ ಉಸಿರಾಡುತ್ತಿರುವ ಇದೇ ಗಾಳಿ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು. ಬರೀ ಆಕ್ಸಿಜನ್ ಉಸಿರಾಡುತ್ತ ಕೆಲವೇ ಮೀಟರು ಇಳಿದರೂ ಅದೇ ವಿಷವಾಗಿ ಫಿಟ್ಸ್ ಬರಬಹುದು. ರೂಢಿಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನ ಒಳ ಅಳತೆ ಸುಮಾರು 11 ಲೀಟರ್. ಅದಕ್ಕೆ 200 ಬಾರ್ ಒತ್ತಡದಲ್ಲಿ ತುಂಬಿದರೆ 2,200 ಲೀಟರ್ ಗಾಳಿ ಹಿಡಿಯುತ್ತದೆ.

ನಿಂತಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವನಿಗೆ ಹತ್ತು ಮೀಟರ್ ಆಳದಲ್ಲಿ 40 ಲೀಟರ್ ಬೇಕು, ಅಲ್ಲಿ ಒತ್ತಡ ಎರಡು ಪಟ್ಟಾಗಿರುತ್ತದೆ. ಕಾಲುಭಾಗ ಆಪತ್ತಿಗೆಂದು ಉಳಿಸಿಕೊಂಡರೆ ಸುಮಾರು 40 ನಿಮಿಷ ಸಿಗುತ್ತದೆ. ಗಾಬರಿಯಿಂದ ಏದುಸಿರು ಬಿಡುವ ಹೊಸಬನಿಗೆ ಇಪ್ಪತ್ತೇ ನಿಮಿಷ. ‘ಮೂವತ್ತು ನಿಮಿಷ ಅಂದಿದ್ರಿ, ಅರ್ಧಕ್ಕೇ ಮೇಲೆ ಕರ್ಕೊಂಡು ಬಂದ್ರಿ’ ಎಂಬ ಜಗಳಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿದೆ, ಎಲ್ಲದಕ್ಕೂ ಅಲ್ಲ.

ಆ ಸಿಲಿಂಡರನ್ನು ತುಂಬಲು ಕಂಪ್ರೆಸರ್ ಬೇಕು. ಟೈರಿಗೆ ಗಾಳಿ ಹಾಕುವ ಯಂತ್ರ ಇದಕ್ಕೆ ಬರುವುದಿಲ್ಲ. ಉಸಿರಾಟದ ಗಾಳಿಗೆಂದೇ ಮಾಡಿದ, ಲಕ್ಷಗಟ್ಟಲೆ ಬೆಲೆಯ ಯಂತ್ರವೇ ಆಗಬೇಕು. ನಿಮಿಷಕ್ಕೆ 100 ಲೀಟರ್ ಒತ್ತುವ ಸಣ್ಣ ಯಂತ್ರ ಒಂದು ಸಿಲಿಂಡರ್ ತುಂಬಲು 22 ನಿಮಿಷ ಗುಡುಗುತ್ತದೆ. ಅದರ ಫಿಲ್ಟರನ್ನು ಗಂಟೆಗಳ ಲೆಕ್ಕ ಇಟ್ಟು ಬದಲಿಸುತ್ತಿರಬೇಕು. ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಡೀಸೆಲ್ ಎಂಜಿನ್ನಿನ ಹೊಗೆಯ ಕಡೆ ತಿರುಗಿದ್ದರೆ ಇಂಗಾಲದ ಮೊನಾಕ್ಸೈಡ್ ಒಳಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಮೇಲೆ ತಲೆನೋವು ತರುವಷ್ಟು ಪ್ರಮಾಣ ಇಪ್ಪತ್ತು ಮೀಟರ್ ಕೆಳಗೆ ಮೂರು ಪಟ್ಟಾಗಿ ಮೈಗೇರುತ್ತದೆ.

ರೆಗ್ಯುಲೇಟರ್ ಎಂಬ ಬಾಯಿಗಿಟ್ಟುಕೊಳ್ಳುವ ಸಾಧನದ್ದೂ ಇದೇ ಕಥೆ. 200 ಬಾರ್ ಒತ್ತಡವನ್ನು ಉಸಿರಾಡುವ ಮಟ್ಟಕ್ಕೆ ಇಳಿಸಿ ಕೊಡುವ ಈ ಉಪಕರಣದೊಳಗೆ ಬೆರಳ ತುದಿಯಷ್ಟು ಸಣ್ಣ ರಬ್ಬರ್ ಉಂಗುರಗಳು, ಸ್ಪ್ರಿಂಗುಗಳು ಇರುತ್ತವೆ. ಸರಿಯಾಗಿ ತೊಳೆಯದಿದ್ದರೆ ಉಪ್ಪು ಹರಳುಗಟ್ಟಿ ಅವನ್ನು ತಿನ್ನುತ್ತದೆ. ತಯಾರಕರು ಹೇಳುವಂತೆ ವರ್ಷಕ್ಕೋ ಎರಡು ವರ್ಷಕ್ಕೋ ಅದನ್ನು ಪೂರ್ತಿ ಬಿಚ್ಚಿ, ಭಾಗ ಬದಲಿಸಿ, ಒತ್ತಡ ಅಳೆದು ಮತ್ತೆ ಜೋಡಿಸಬೇಕು. ಬಿಡಿಭಾಗದ ಕಿಟ್ ಆಮದಾಗಬೇಕು, ಕೂತು ಮಾಡುವವನಿಗೆ ತರಬೇತಿ ಬೇಕು. ಸಿಲಿಂಡರನ್ನೂ ನಿಗದಿತ ಅವಧಿಗೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಕಳಿಸಬೇಕು. ನಮ್ಮಲ್ಲಿ ಅದಕ್ಕೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ನೋಡಿಕೊಳ್ಳುವುದು ನಾಗಪುರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ.

ಇದರಲ್ಲಿ ಯಾವುದೂ ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. ಹೋದ ವಾರ ಬಿಚ್ಚಿ ಜೋಡಿಸಿದ ರೆಗ್ಯುಲೇಟರೂ ನಾಲ್ಕು ವರ್ಷ ಮುಟ್ಟದ ರೆಗ್ಯುಲೇಟರೂ ಮೇಜಿನ ಮೇಲೆ ಇಟ್ಟರೆ ಒಂದೇ ತರಹ. ಖರ್ಚು ಉಳಿಸಬೇಕೆಂದು ಹೊರಟವನ ಕತ್ತರಿ ಮೊದಲು ಬೀಳುವುದು ಅಲ್ಲಿಗೇ.

ನೇತ್ರಾಣಿಯ ಐದು ಸಾವಿರ

ಕನ್ನಡಿಗರಿಗೆ ಸ್ಕೂಬಾ ಎಂದರೆ ಮೊದಲು ನೆನಪಾಗುವುದು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ. ಮೇಲಿಂದ ನೋಡಿದರೆ ಹೃದಯದ ಆಕಾರ, ಬಂಡೆಗಳ ಸಂದಿಯಲ್ಲಿ ಗಿಳಿಮೀನು, ಚಿಟ್ಟೆಮೀನು, ಹವಳ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದ ದ್ವೀಪ ಎಂಬ ಇನ್ನೊಂದು ಚರಿತ್ರೆಯೂ ಅದಕ್ಕಿದೆ. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲೆ ಇಲ್ಲಿಗೆ ಬರಬೇಕೆನ್ನಿಸಿದವರು ಬಹಳ. ಹೈದರಾಬಾದಿನ ಗುಂಪುಗಳೂ ಈಗ ಮುರ್ಡೇಶ್ವರದ ಹೋಟೆಲುಗಳಲ್ಲಿ ಕಾಣಸಿಗುತ್ತವೆ.

ಈಜು ಬಾರದವರೂ ಮಾಡಬಹುದಾದ ‘ಒಮ್ಮೆ ಮುಳುಗಿ ನೋಡಿ’ ಬಗೆಯ ಡೈವ್‌ಗೆ ಅಲ್ಲಿ ತಲೆಗೆ ಐದು ಸಾವಿರದ ಆಸುಪಾಸು ಕೇಳುತ್ತಾರೆ. ನೀರೊಳಗೆ ಇರುವುದು ಅರ್ಧ ಗಂಟೆ. ನಿಮಿಷದ ಲೆಕ್ಕ ಹಾಕಿದವರಿಗೆ ಎದೆ ಧಸಕ್ ಎನ್ನುತ್ತದೆ.

ಆದರೆ ಆ ಅರ್ಧ ಗಂಟೆಗಾಗಿ ದೋಣಿ ಹೋಗಿ ಬರಲು ಮೂರು ಗಂಟೆ ಡೀಸೆಲ್ ಸುಡುತ್ತದೆ. ಹೊಸಬರ ಜೊತೆ ಒಬ್ಬ ತರಬೇತುದಾರ ಕೈಹಿಡಿದೇ ಇರಬೇಕು. ಒಬ್ಬರಿಗೆ ಒಬ್ಬ ಎಂದಿಟ್ಟರೆ ಒಂದು ದಿನಕ್ಕೆ ಅವನು ಇಳಿಸಬಹುದಾದವರು ಕೆಲವರೇ. ಎಲ್ಲಕ್ಕಿಂತ ದೊಡ್ಡ ಖರ್ಚು ಮಳೆಗಾಲ. ಜೂನ್ ಬಂತೆಂದರೆ ಕಡಲು ಮುಚ್ಚಿತು, ಮತ್ತೆ ದೋಣಿ ಹೊರಡುವುದು ಸೆಪ್ಟೆಂಬರ್ ಕಳೆದ ಮೇಲೆ. ನಾಲ್ಕು ತಿಂಗಳು ಆದಾಯವಿಲ್ಲ, ಸಾಲದ ಕಂತು ನಿಲ್ಲುವುದಿಲ್ಲ. ಅಕ್ಟೋಬರಿನಿಂದ ಮೇ ವರೆಗಿನ ಪ್ರತಿ ಟಿಕೆಟ್ಟೂ ಆ ನಾಲ್ಕು ತಿಂಗಳ ಹೊಟ್ಟೆಪಾಡನ್ನು ಹೊತ್ತಿರುತ್ತದೆ.

ಇದರ ಮೇಲೆ ಬುಕಿಂಗ್ ಮಾಡಿಸಿಕೊಟ್ಟವನ ಪಾಲು. ಹೋಟೆಲಿನ ರಿಸೆಪ್ಷನ್, ಟ್ಯಾಕ್ಸಿ ಡ್ರೈವರ್, ಟ್ರಾವೆಲ್ ಆ್ಯಪ್ ಎಲ್ಲರಿಗೂ ಕಮಿಷನ್. ನ್ಯಾಯದ ಬೆಲೆಯ ಮಾತಾಡುವಾಗ ಅಂಗಡಿಯವನ ಲಾಭವನ್ನು ಭೂತಗನ್ನಡಿಯಲ್ಲಿ ನೋಡುವ ನಾವು, ಒಂದು ಫೋನ್ ಕರೆ ಮಾಡಿ ದುಡ್ಡು ಎಣಿಸುವ ಮಧ್ಯವರ್ತಿಯನ್ನು ಮರೆತೇಬಿಡುತ್ತೇವೆ. ಅಷ್ಟು ಕಮಿಷನ್ ಕೊಟ್ಟೂ ಬೆಲೆ ಇಳಿಸಲೇಬೇಕಾದಾಗ ಏನಾಗುತ್ತದೆಂಬುದಕ್ಕೆ ಕೆಲವು ಬೀಚುಗಳ ಸಾವಿರದೈನೂರು ರೂಪಾಯಿಯ ‘ಸ್ಕೂಬಾ ಪ್ಯಾಕೇಜ್’ ಸಾಕ್ಷಿ. ದೋಣಿ ವಿಹಾರ, ಊಟ, ಡಾಲ್ಫಿನ್ ದರ್ಶನ, ಫೋಟೊ, ಅದರ ನಡುವೆ ಸ್ಕೂಬಾ. ಸರತಿ ಬಂದಾಗ ಹಗ್ಗ ಹಿಡಿದು ಕತ್ತಿನ ತನಕ ಇಳಿಸಿ, ಕ್ಯಾಮೆರಾ ಎದುರು ಕೈಬೀಸಲು ಹೇಳಿ, ಹತ್ತು ನಿಮಿಷದಲ್ಲಿ ಮೇಲಕ್ಕೆ. ಪಾಠವಿಲ್ಲ, ಆರೋಗ್ಯದ ಪ್ರಶ್ನಾವಳಿಯಿಲ್ಲ. ಕಿವಿ ನೋವು ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ. ಐದು ಸಾವಿರ ಕೇಳಿದವನಿಗಿಂತ ಈ ಪ್ಯಾಕೇಜಿನವನೇ ಹೆಚ್ಚು ಲಾಭ ಮಾಡಿಕೊಳ್ಳುತ್ತಿದ್ದರೂ ಆಶ್ಚರ್ಯವಿಲ್ಲ.

ಡೈವ್‌ಗೆ ಎಂಆರ್‌ಪಿ ಇಲ್ಲ ಎನ್ನುವುದನ್ನೂ ಗಮನಿಸಿ. ಅದು ಪೊಟ್ಟಣದ ಸರಕಲ್ಲ, ಸೇವೆ. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿ ನೀರಿಗೂ ಎಂಆರ್‌ಪಿ ಮೀರಿ ದರ ಹಾಕಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದ್ದು ಅಲ್ಲಿ ಸೇವೆಯೂ ಸೇರಿದೆ ಎಂಬ ಕಾರಣಕ್ಕೆ. ಹಾಗಾಗಿ ದುಬಾರಿಯಾಯಿತೆಂದು ದೂರು ಕೊಟ್ಟರೆ ಪ್ರಯೋಜನವಾಗದು. ಕೊಡುತ್ತೇವೆಂದದ್ದನ್ನು ಕೊಡದಿದ್ದರೆ ಮಾತ್ರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದು ಸೇವಾನ್ಯೂನತೆ. ದೂರಿಗೆ 1915 ಸಹಾಯವಾಣಿ ಇದೆ. ಅದಕ್ಕೇ ಎಷ್ಟು ಹೊತ್ತು, ಎಷ್ಟು ಆಳ, ಒಬ್ಬ ತರಬೇತುದಾರನಿಗೆ ಎಷ್ಟು ಜನ ಎಂಬುದನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಬೇಕು.

ಫ್ರೀ ಎಂದ ತಪ್ಪಿಗೆ

ಮತ್ತೆ ಆ ಎಂಟುನೂರು ರೂಪಾಯಿಗೆ ಬರೋಣ. ಕನ್ನಡಕದ ಅಂಗಡಿಗಳಲ್ಲಿ ಕಣ್ಣಿನ ಪರೀಕ್ಷೆ ಉಚಿತ, ದುಡ್ಡೆಲ್ಲ ಫ್ರೇಮಿನಲ್ಲಿ. ಡೈವ್ ಶಾಪುಗಳೂ ಬಹುಕಾಲ ಇದೇ ದಾರಿ ಹಿಡಿದವು. ಸಲಹೆ ಫ್ರೀ, ಮಾಸ್ಕ್ ಹಾಕಿ ನೋಡುವುದು ಫ್ರೀ, ಮಾಸ್ಕಿನ ಹೊಸ ಗಾಜಿಗೆ ಟೂತ್‌ಪೇಸ್ಟ್ ಉಜ್ಜಿ ಮಂಜು ಹಿಡಿಯದಂತೆ ಮಾಡಿಕೊಡುವುದು ಫ್ರೀ. ಗಿರಾಕಿ ಬರಲೆಂದು ಕೋರ್ಸಿನ ಶುಲ್ಕವನ್ನೂ ತೀರಾ ಇಳಿಸಿದವರಿದ್ದಾರೆ, ಕಲಿತವನು ಹೇಗೂ ಫಿನ್, ಕಂಪ್ಯೂಟರ್ ಕೊಳ್ಳುತ್ತಾನೆಂಬ ಲೆಕ್ಕದಲ್ಲಿ. ಸಾಮಾನಿನ ಲಾಭದಲ್ಲಿ ಇದೆಲ್ಲ ಮುಚ್ಚಿಹೋಗುತ್ತಿತ್ತು.

ಆನ್‌ಲೈನ್ ಬಂದ ಮೇಲೆ ಈ ಲೆಕ್ಕ ಕುಸಿಯಿತು. ಸಲಹೆ ಅಂಗಡಿಯಲ್ಲಿ, ಖರೀದಿ ಮೊಬೈಲಿನಲ್ಲಿ. ಡೆಕಾತ್ಲಾನ್‌ನಂಥ ದೈತ್ಯರು ‘ಸುಬಿಯಾ’ ಎಂಬ ಸ್ವಂತ ಬ್ರ್ಯಾಂಡಿನ ಮಾಸ್ಕು ಫಿನ್ನುಗಳನ್ನು ಮಧ್ಯದ ಕೈಗಳೇ ಇಲ್ಲದೆ ನೇರ ತಂದು ಮಾರುತ್ತಾರೆ. ಅವರ ಮಾರಾಟ ಬೆಲೆಗೆ ಸಣ್ಣ ಅಂಗಡಿಯವನಿಗೆ ಬ್ರ್ಯಾಂಡ್ ಮಾಸ್ಕಿನ ಅಸಲೂ ಹುಟ್ಟುವುದು ಕಷ್ಟ. ಇನ್ನು ದುಬೈ, ಸಿಂಗಪುರದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬರುವ ಸಾಮಾನು ಬೇರೆ. ಅದಕ್ಕೆ ಇಲ್ಲಿ ವಾರಂಟಿ ಸಿಗುವುದು ಅನುಮಾನ ಎಂಬುದು ರೆಗ್ಯುಲೇಟರ್ ಕೈಕೊಟ್ಟಾಗ ತಿಳಿಯುತ್ತದೆ.

ಗಿರಾಕಿಗೆ ನಾಚಿಕೆಯಿಲ್ಲ ಎಂದು ಅಂಗಡಿಯವರು ಬೈಯುತ್ತಾರೆ. ಆ ಬೈಗುಳದಲ್ಲಿ ಅರ್ಧ ಮಾತ್ರ ನ್ಯಾಯವಿದೆ. ತನ್ನ ಶ್ರಮಕ್ಕೆ ಸೊನ್ನೆ ಬೆಲೆ ಬರೆದವನು ಅಂಗಡಿಯವನೇ. ಅರ್ಧ ಗಂಟೆ ಕೂತು ನಾಲ್ಕು ಮಾಸ್ಕ್ ಹಾಕಿಸಿ ನೋಡುವುದು ಕೆಲಸವಾದರೆ ಅದಕ್ಕೆ ಮುನ್ನೂರು ರೂಪಾಯಿ ಎಂದು ಬೋರ್ಡ್ ಹಾಕಲಿ, ಇಲ್ಲೇ ಕೊಂಡರೆ ಆ ಮುನ್ನೂರನ್ನು ಬಿಲ್ಲಿನಲ್ಲಿ ಕಳೆಯಲಿ. ಬೇರೆಡೆ ಕೊಂಡ ರೆಗ್ಯುಲೇಟರನ್ನೂ ಮುಖ ಗಂಟಿಕ್ಕದೆ ಸರ್ವಿಸ್ ಮಾಡಿ, ಬಿಡಿಭಾಗಕ್ಕೆ ಇಷ್ಟು, ಕೂಲಿಗೆ ಇಷ್ಟು ಎಂದು ಬೇರೆ ಬೇರೆ ಬರೆಯಲಿ. ಬೈಕಿನ ಮೆಕ್ಯಾನಿಕ್ಕಿಗೆ ತಕರಾರಿಲ್ಲದೆ ಕೂಲಿ ಕೊಡುವ ಜನ ಇದಕ್ಕೂ ಕೊಡುತ್ತಾರೆ. ಗಿರಾಕಿಯ ಸಿಟ್ಟು ಬೆಲೆ ಹೆಚ್ಚೆಂಬುದಕ್ಕಿಂತ ಯಾವುದರ ಬೆಲೆಯನ್ನು ಯಾವುದರೊಳಗೆ ತುರುಕಿದ್ದಾರೆಂದು ತಿಳಿಯದ್ದಕ್ಕೆ.

ಅಂಗಡಿಯವರ ಕಡೆಯಿಂದ ನಡೆಯುವ ನಿಜವಾದ ಅನ್ಯಾಯವೂ ಒಂದಿದೆ. ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿಬರುವವನಿಗೆ ರೆಗ್ಯುಲೇಟರ್, ನೀರಲ್ಲಿ ತೇಲುವಿಕೆಯನ್ನು ಹಿಡಿತದಲ್ಲಿಡುವ ಬಿಸಿಡಿ ಜಾಕೆಟ್, ಕಂಪ್ಯೂಟರ್ ಎಲ್ಲ ಸೇರಿ ಲಕ್ಷ ದಾಟುವ ಸೆಟ್ ಕಟ್ಟಿಸುವುದು. ಹಾಗೆ ಕೊಂಡದ್ದು ಅಟ್ಟ ಸೇರುತ್ತದೆ, ಸರ್ವಿಸ್ ಕಾಣುವುದಿಲ್ಲ, ಮೂರನೆಯ ವರ್ಷ ತೆಗೆದಾಗ ಬಾಡಿಗೆಯ ಸಾಮಾನಿಗಿಂತ ಅಪಾಯಕಾರಿ. ಹೊಸಬರು ಸ್ವಂತಕ್ಕೆ ಕೊಳ್ಳಬೇಕಾದದ್ದು ಮುಖಕ್ಕೆ ಸರಿಹೊಂದುವ ಮಾಸ್ಕ್ ಒಂದೇ, ಅದೂ ಹಾಕಿ ನೋಡಿದ ಮೇಲೆ. ಉಳಿದದ್ದು ಬಾಡಿಗೆಗೆ ಸಿಗುತ್ತದೆ.

ಚೌಕಾಶಿ ಎಲ್ಲಿ, ಎಷ್ಟು

ಸುಲ್ತಾನ್ ಬಜಾರಿನಲ್ಲಿ ಸೀರೆಗೆ ಅರ್ಧದಿಂದ ಕೇಳುವ ಊರಿನವರಿಗೆ ಚೌಕಾಶಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಬಿಡುವ ಅಗತ್ಯವೂ ಇಲ್ಲ. ಫಿನ್, ಬ್ಯಾಗು, ಹಳೆಯ ಮಾದರಿಯ ಕಂಪ್ಯೂಟರ್, ಯಾರಿಗೂ ಆಗದ ಅಳತೆಯ ವೆಟ್‌ಸೂಟು ಇವುಗಳ ಮೇಲೆ ಧಾರಾಳವಾಗಿ ಕೇಳಬಹುದು. ಮಳೆಗಾಲದಲ್ಲಿ ಕೇಳಿದರೆ ಇನ್ನೂ ಒಳ್ಳೆಯದು, ಆಗ ಅಂಗಡಿಯವನಿಗೆ ನಗದು ಬೇಕಿರುತ್ತದೆ. ನಾಲ್ಕೈದು ಜನ ಒಟ್ಟಿಗೆ ಕೋರ್ಸಿಗೆ ಸೇರಿದರೆ ಈಜುಕೊಳದ ಬಾಡಿಗೆ ಹಂಚಿಹೋಗುತ್ತದೆ, ಅಲ್ಲೂ ಕಡಿತ ಕೇಳುವುದು ನ್ಯಾಯ.

ಗಾಳಿ, ಸರ್ವಿಸ್, ತರಬೇತುದಾರರ ಸಂಖ್ಯೆ ಇವುಗಳ ಮೇಲೆ ಬೇಡ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಈ ರೆಗ್ಯುಲೇಟರ್ ಕೊನೆಗೆ ಬಿಚ್ಚಿದ್ದು ಯಾವಾಗ, ಸಿಲಿಂಡರಿನ ಹೆಗಲ ಮೇಲೆ ಕೊರೆದ ಪರೀಕ್ಷೆಯ ತಾರೀಖು ಯಾವುದು, ದೋಣಿಯಲ್ಲಿ ತುರ್ತಿನ ಆಕ್ಸಿಜನ್ ಕಿಟ್ ಇದೆಯೇ. ಲೆಕ್ಕ ಸರಿಯಿಟ್ಟ ಅಂಗಡಿಯವನು ಪುಸ್ತಕ ತೆಗೆದು ತೋರಿಸುತ್ತಾನೆ. ‘ಏನೂ ಆಗಲ್ಲ ಸಾರ್’ ಎಂದು ಮಾತು ಹಾರಿಸಿದರೆ ಅವನು ಎಷ್ಟು ಅಗ್ಗವಾದರೂ ಎದ್ದು ಬರಬಹುದು.

ಹೈದರಾಬಾದಿನಿಂದ ಹೋಗುವವರು ದರಪಟ್ಟಿ ಹೋಲಿಸುವಾಗ ಇನ್ನೊಂದನ್ನು ನೋಡಲೇಬೇಕು, ಮರಳಿ ಬರುವ ಹೊತ್ತು. ನೀರೊಳಗಿದ್ದಾಗ ಒತ್ತಡಕ್ಕೆ ಮೈಯಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮುನ್ನ ವಿಮಾನ ಹತ್ತಿದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ತೊಂದರೆ ತರಬಹುದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವಿಂಗ್ ವೈದ್ಯರ ಸಲಹೆ. ಕೋರ್ಸಿನ ಕೊನೆಯ ಡೈವ್ ಮುಗಿಸಿ ಭಾನುವಾರ ಮಧ್ಯಾಹ್ನ ಎರಡಕ್ಕೆ ಮೇಲೆ ಬಂದವರಿಗೆ ಸೋಮವಾರ ಬೆಳಿಗ್ಗೆ ಎಂಟರೊಳಗೆ ಮಂಗಳೂರಿನಿಂದಾಗಲೀ ಗೋವಾದಿಂದಾಗಲೀ ವಿಮಾನವಿಲ್ಲ. ಆ ಹೆಚ್ಚುವರಿ ರಾತ್ರಿಯ ರೂಮಿನ ಬಾಡಿಗೆ ಸೇರಿಸಿ ಬರೆದ ಅಂಗಡಿಯ ದರ ಜಾಸ್ತಿ ಕಾಣುತ್ತದೆ, ಭಾನುವಾರ ರಾತ್ರಿಯ ವಿಮಾನಕ್ಕೇ ಟಿಕೆಟ್ ಹಾಕಿಸಿದವನದು ಕಡಿಮೆ ಕಾಣುತ್ತದೆ. ರಜೆ ಕೈಯಲ್ಲಿದ್ದವರಿಗೆ ಕಾಚಿಗುಡ–ಮುರ್ಡೇಶ್ವರ ರೈಲಿದೆ. ಕೊಯಮತ್ತೂರು, ಮಂಗಳೂರು ಸುತ್ತಿಕೊಂಡು ಓಡುವ ಅದು ವಾರದ ಎಲ್ಲ ದಿನವೂ ಇಲ್ಲ. ಆದ್ದರಿಂದ ಡೈವಿನ ತಾರೀಖು ಗೊತ್ತು ಮಾಡುವ ಮೊದಲು ರೈಲಿನ ತಾರೀಖು ನೋಡಿಕೊಳ್ಳಬೇಕು.